ಸ್ಕಾಟ್‌ಲೆಂಡಿನಿಂದ ಸ್ಕಾಟ್‌ಲೆಂಡಿಗೆ

ನಾನಿರುವುದು ಎಡಿನ್‌ಬರೊದಲ್ಲಿ. ಹುಟ್ಟಿದ್ದು ಮಡಿಕೇರಿಯಿಂದ ಹತ್ತು ಕಿಲೋಮೀಟರ್ ಆಚೆ, ಸಣ್ಣದೊಂದು ಕಾಫಿ ತೋಟದ ಮನೆಯಲ್ಲಿ. ಹಾಗಾಗಿ ಸ್ಕಾಟ್‌ಲೆಂಡಿನಿಂದ ರಜೆಗೆ ಹೊರಟು, ಎರಡು ವಿಮಾನ ಹತ್ತಿಳಿದು, ಒಂದು ಟ್ಯಾಕ್ಸಿಯಲ್ಲಿ ಸೊಂಟ ಮುರಿದುಕೊಂಡು ನಾನು ಬಂದು ಸೇರುವುದು ಮತ್ತೆ ಸ್ಕಾಟ್‌ಲೆಂಡಿಗೇ. ಕುಶಾಲನಗರ ದಾಟಿದರೆ ಸಾಕು, ರಸ್ತೆಬದಿಯ ಬೋರ್ಡುಗಳು ಪೈಪೋಟಿಯ ಮೇಲೆ ಕೂಗುತ್ತವೆ: ಭಾರತದ ಸ್ಕಾಟ್‌ಲೆಂಡಿಗೆ ಸ್ವಾಗತ.

ಕೊಡಗಿಗೆ ಈ ಬಿರುದು ಇಂಗ್ಲಿಷರ ಕಾಲದ ಪ್ಲಾಂಟರುಗಳು ಕೊಟ್ಟದ್ದಂತೆ. ಪಾಪ, ಮನೆ ನೆನಪಾದವನು ಏನು ಬೇಕಾದರೂ ಅನ್ನುತ್ತಾನೆ. ನನಗೂ ಒಂದು ಸಂಜೆ ಮಂಜು ಮುಸುಕಿದಾಗ ಎಡಿನ್‌ಬರೊದ ಬಸ್‌ಸ್ಟಾಪು ಥೇಟ್ ಸುಂಟಿಕೊಪ್ಪದ ಹಾಗೆ ಕಂಡಿತ್ತು. ಹಾಗಂತ ನಾನು ಅಲ್ಲಿ 'ಸ್ಕಾಟ್‌ಲೆಂಡಿನ ಸುಂಟಿಕೊಪ್ಪ' ಎಂದು ಬೋರ್ಡ್ ನೆಡಲಿಲ್ಲ. ಒಮ್ಮೆ ಆಫೀಸಿನಲ್ಲಿ, ನಮ್ಮೂರನ್ನು ನಿಮ್ಮೂರಿಗೆ ಹೋಲಿಸುತ್ತಾರೆ ಕಣ್ರೀ ಎಂದು ಎದೆಯುಬ್ಬಿಸಿ ಹೇಳಿದೆ. ಪಕ್ಕದ ಟೇಬಲ್ಲಿನ ಮುದುಕ ತುಂಬ ಹೊತ್ತು ಯೋಚನೆ ಮಾಡಿ, "ಯಾಕೆ, ನಿಮ್ಮ ಊರಿಗೆ ಹೆಸರಿಲ್ಲವಾ?" ಎಂದ. ಅವನಿಗೆ ಶಿಲ್ಲಾಂಗಿನವರೂ ಇಂಥದ್ದೇ ಬಿರುದು ಇಟ್ಟುಕೊಂಡಿದ್ದಾರೆ ಅಂತ ನಾನು ಹೇಳಲಿಲ್ಲ.

ಈ ಸಲ ನಾನು ಬಂದಿಳಿದದ್ದು ಕ್ರಿಸ್‌ಮಸ್ ರಜೆಯ ಶನಿವಾರ. ತಪ್ಪು ನನ್ನದೇ. ಬೆಂಗಳೂರಿನಿಂದ ಮೈಸೂರಿಗೆ 2023ರಲ್ಲಿ ಹೆದ್ದಾರಿ ಆಯಿತಲ್ಲ, ಅಂದಿನಿಂದ ಬೆಂಗಳೂರಿನ ಜನ ಹಾರಿಕೊಂಡು ಬಂದು ಕುಶಾಲನಗರದಲ್ಲಿ ಇಳಿಯುತ್ತಾರೆ. ಮುಂದಿನ ಮೂವತ್ತು ಕಿಲೋಮೀಟರ್ ಹಳೇ ರಸ್ತೆಯೇ. ಅಷ್ಟಕ್ಕೆ ನಮಗೆ ಮೂರು ಗಂಟೆ ಹಿಡಿಯಿತು. ಗಾಡಿ ನಿಂತಲ್ಲೇ ನಿಂತಿದ್ದಾಗ ಹುಡುಗನೊಬ್ಬ ಬಂದು ಗಾಜು ತಟ್ಟಿದ.

"ಹೋಮ್‌ಸ್ಟೇ ಬೇಕಾ ಅಣ್ಣ? ಕ್ಯಾಂಪ್‌ಫೈರ್ ಉಂಟು, ಮಳೆ ಡ್ಯಾನ್ಸ್ ಉಂಟು."

"ನಂದು ಇಲ್ಲೇ ಮನೆ ಮಾರಾಯ."

"ಹೌದಾ? ಎಷ್ಟು ರೂಮುಂಟು?"

ವರ್ಷದಲ್ಲಿ ಆರು ತಿಂಗಳು ಆಕಾಶವೇ ಪುಕ್ಕಟೆಯಾಗಿ ಸುರಿಯುವ ಊರಿನಲ್ಲಿ ಪೈಪಿನಿಂದ ಮಳೆ ಬರಿಸಿ ಕುಣಿಸುತ್ತಾರೆ ಎಂಬುದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮನೆ ಬಂತು.

ಡಿಸೆಂಬರ್ ಅಂದರೆ ಕಾಫಿ ಕುಯ್ಲಿನ ಕಾಲ. ಕಣದ ತುಂಬ ಹಣ್ಣು ಹರವಿರಬೇಕಿತ್ತು. ಕಣದ ತುಂಬ ಇದ್ದದ್ದು ಬೆಂಗಳೂರಿನ ಕಾರುಗಳು. ಕಾಫಿ ಹಣ್ಣು ಟಾರ್ಪಾಲಿನ ಮೇಲೆ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ಧೂಳು ತಿನ್ನುತ್ತಾ ಒಣಗುತ್ತಿತ್ತು. ಅಮ್ಮ ಬಾಗಿಲಿಗೆ ಬಂದು ಕೆನ್ನೆ ಸವರಿ, ತೆಳ್ಳಗಾಗಿದ್ದೀ ಎಂದು ಎಂದಿನ ಸುಳ್ಳು ಹೇಳಿ, ಆಮೇಲೆ ದನಿ ತಗ್ಗಿಸಿದಳು.

"ನಿನ್ನ ರೂಮು ಶನಿವಾರ ಭಾನುವಾರ ಹೋಗಿದೆ ಮಗ."

"ಟಿಕೆಟ್ ಕಳಿಸಿದ್ದೆನಲ್ಲ ಅಣ್ಣ?" ಎಂದೆ.

"ನೋಡಿದೆ. ಆದ್ರೆ ಅವರು ಅಡ್ವಾನ್ಸ್ ಹಾಕಿದ್ರು," ಎಂದ ಅಣ್ಣ.

ಉಗ್ರಾಣದಲ್ಲಿ ಕಾಫಿ ಮೂಟೆಗಳ ನಡುವೆ ನನಗೆ ಹಾಸಿಗೆ ಹಾಸಿತ್ತು. ಹೋಗುವ ದಾರಿಯಲ್ಲಿ ನನ್ನ ರೂಮಿಗೆ ಇಣುಕಿದೆ. ಬಾಗಿಲ ಮೇಲೆ 'ಹೈಲ್ಯಾಂಡ್ ಸೂಟ್' ಎಂಬ ಹಲಗೆ. ಅಮ್ಮನಿಗೆ ಚಳಿಗೆಂದು ನಾನು ಕಳಿಸಿದ್ದ ಚೌಕುಳಿಯ ಉಣ್ಣೆ ಕಂಬಳಿ ಮಂಚದ ಕಾಲುಗಳ ಕಡೆ ಒಪ್ಪವಾಗಿ ಮಡಿಸಿ ಕೂತಿತ್ತು. ಹೈಸ್ಕೂಲಿನ ಓಟದಲ್ಲಿ ನನಗೆ ಸಿಕ್ಕಿದ್ದ ಸರ್ಟಿಫಿಕೇಟಿನ ಮೊಳೆಗೆ ಈಗ ಎಡಿನ್‌ಬರೊ ಕೋಟೆಯ ಫೋಟೊ ನೇತುಬಿದ್ದಿದೆ. ಅದೂ ನಾನೇ ತೆಗೆದದ್ದು.

ಅಣ್ಣನನ್ನು ಬೈಯುವಂತಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. "ಆನೆ ಬಂದ್ರೆ ಬಾಳೆ ಹೋಯ್ತು. ಹೊತ್ತಲ್ಲದ ಹೊತ್ತಲ್ಲಿ ಮಳೆ ಬಂದ್ರೆ ಕಾಫಿ ಉದುರಿತು. ಗೆಸ್ಟ್ ಬಂದ್ರೆ ಎಂತದೂ ಉದುರಲ್ಲ, ಹೆಚ್ಚಂದ್ರೆ ಒಂದು ಟವೆಲ್ ಹೋಗುತ್ತೆ."

ಆನೆ ಅಂದಾಗ ನೆನಪಾಯಿತು. ಸ್ಕಾಟ್‌ಲೆಂಡಿನಲ್ಲಿ ಲಾಕ್ ನೆಸ್ ಎಂಬ ಸರೋವರವುಂಟು. ಅದರೊಳಗೆ ಭಾರೀ ಪ್ರಾಣಿಯೊಂದಿದೆ ಎಂದು 1933ರಿಂದ ಗುಲ್ಲು. ಅದನ್ನು ಇದ್ದೇ ಇದೆ ಎಂದು ಸಾಬೀತು ಮಾಡಿದವರು ಈವರೆಗೆ ಯಾರೂ ಇಲ್ಲ. ಆದರೂ ದೋಣಿಗೆ ಟಿಕೆಟ್ಟು, ಗೊಂಬೆಗೆ ಅಂಗಡಿ, ಕತೆಗೆ ಮ್ಯೂಸಿಯಮ್ಮು. ಇಲ್ಲದ ಪ್ರಾಣಿಯಿಂದ ಅವರು ಊರು ಸಾಕುತ್ತಾರೆ. ನಮ್ಮ ಪ್ರಾಣಿ ಮೂರು ಟನ್ ತೂಗುತ್ತದೆ, ರಾತ್ರಿ ಹನ್ನೊಂದಕ್ಕೆ ತಾನಾಗಿ ತೋಟಕ್ಕೆ ಬಂದು ದರ್ಶನ ಕೊಡುತ್ತದೆ. ನಾವು ಪಟಾಕಿ ಹೊಡೆಯುತ್ತೇವೆ.

ಹೋದ ವರ್ಷ ಅಮ್ಮನನ್ನು ಎಡಿನ್‌ಬರೊಗೆ ಕರೆಸಿಕೊಂಡಿದ್ದೆ. ಒರಿಜಿನಲ್ ಸ್ಕಾಟ್‌ಲೆಂಡ್ ಹೇಗಿದೆ ನೋಡಲಿ ಎಂದು ಆರ್ಥರ್ಸ್ ಸೀಟಿಗೆ ಕರೆದೊಯ್ದೆ. ಊರ ನಡುವೆಯೇ ಎದ್ದು ನಿಂತಿರುವ ಆರಿದ ಜ್ವಾಲಾಮುಖಿ ಅದು, 251 ಮೀಟರ್ ಎತ್ತರ. ಅಮ್ಮ ಬುಡದಲ್ಲೇ ನಿಂತು ಸುತ್ತ ಹುಡುಕಿದಳು.

"ಟಿಕೆಟ್ ಎಲ್ಲಿ ತಗೊಳ್ಳೋದು?"

ಟಿಕೆಟ್ ಇಲ್ಲಮ್ಮ ಎಂದೆ. ಹಾಗಾದರೆ ಇದು ನೋಡುವಂಥ ಜಾಗ ಅಲ್ಲವೇನೋ ಎಂದು ಅವಳಿಗೆ ಅನುಮಾನ. ಅಲ್ಲಿ 2003ರ ಒಂದು ಕಾನೂನಿದೆ: ಬೆಳೆ ಹಾಳು ಮಾಡದೆ, ಗೇಟು ತೆರೆದಿಡದೆ, ಯಾರು ಬೇಕಾದರೂ ಯಾರ ಬೆಟ್ಟದ ಮೇಲಾದರೂ ನಡೆಯಬಹುದು. ಇನ್ನೊಂದು ದಿನ ಊರಾಚೆಯ ಪೆಂಟ್‌ಲ್ಯಾಂಡ್ ಗುಡ್ಡಕ್ಕೆ ಹೋದೆವು. ಅಮ್ಮ ಕುರಿಗಳನ್ನೂ ಗಾಳಿಯನ್ನೂ ನೋಡಿ, ಆ ಕಡೆಯಿಂದ ಈ ಕಡೆಗೆ ಕಣ್ಣು ಹಾಯಿಸಿ, "ಒಂದು ಮರ ಇಲ್ವಲ್ಲೋ! ಇದಕ್ಕಾ ನಮ್ಮದನ್ನು ಹೋಲಿಸೋದು?" ಎಂದಳು. ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಸ್ಕಾಟ್‌ಲೆಂಡಿನ ನೆಲದಲ್ಲಿ ಐದರಲ್ಲಿ ಒಂದು ಪಾಲು ಕಾಡು ಕೂಡ ಪೂರ್ತಿ ಇಲ್ಲ. ನಮ್ಮಲ್ಲಿ ದೇವರಕಾಡುಗಳೇ 1,200ಕ್ಕಿಂತ ಹೆಚ್ಚು.

ಆರ್ಥರನ ಸೀಟು ಕಂಡಮೇಲೆ ನಮ್ಮ ರಾಜನ ಸೀಟು ನೋಡದಿದ್ದರೆ ಹೇಗೆ ಎಂದು ಭಾನುವಾರ ಸಂಜೆ ಮಡಿಕೇರಿಗೆ ಹೋದೆ. ಟಿಕೆಟ್ ತಗೊಂಡೆ. ಕೊಡಗಿನ ರಾಜರು ಸೂರ್ಯ ಮುಳುಗುವುದನ್ನು ಕೂತು ನೋಡುತ್ತಿದ್ದ ಜಾಗ. ಸೂರ್ಯ ಮುಳುಗಿದ. ಮುಳುಗಿದ್ದು ನನಗೆ ಕಂಡದ್ದು ಮುಂದೆ ನಿಂತಿದ್ದವರ ನಲವತ್ತು ಮೊಬೈಲುಗಳಲ್ಲಿ, ನಲವತ್ತು ಬಣ್ಣದಲ್ಲಿ. ಒಂದು ಕಾಲದಲ್ಲಿ ಇಲ್ಲಿ ಪುಟಾಣಿ ರೈಲು ಓಡುತ್ತಿತ್ತು. ರೈಲು ಹಳಿಯೇ ಇಲ್ಲದ ಜಿಲ್ಲೆಗೆ ರೈಲು ಅಂತ ಇದ್ದದ್ದು ಅದೊಂದೇ. ಅದೂ ನಿಂತುಹೋಗಿತ್ತು.

ಇಲ್ಲಿಂದ ಆ ಕಡೆ ಹೋದ ನನ್ನಂಥವರ ಹಿರಿಯಣ್ಣ ಅಂದರೆ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ. 1834ರಲ್ಲಿ ರಾಜ್ಯ ಕಳಕೊಂಡು ಕಾಶಿಯಲ್ಲಿದ್ದವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಮಗಳು ಕ್ರೈಸ್ತಳಾಗುವಾಗ ವಿಕ್ಟೋರಿಯಾ ರಾಣಿಯೇ ಎದುರು ನಿಂತು ತನ್ನ ಹೆಸರಿಟ್ಟಳು. ಅಪ್ಪ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ತನ್ನ ದುಡ್ಡಿಗಾಗಿ ಕೋರ್ಟು ಹತ್ತಿದ. ದುಡ್ಡು ಸಿಗಲಿಲ್ಲ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಒಮ್ಮೆಯೂ ಊರಿಗೆ ಬರಲಾಗಲಿಲ್ಲ. ಬಂದಿದ್ದರೆ ಗೇಟಿನಲ್ಲಿ ಅವನೂ ಕ್ಯೂ ನಿಲ್ಲಬೇಕಿತ್ತು.

ಮಾಂದಲಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಗೆಸ್ಟುಗಳು ಬೆಳಗಿನ ಜಾವ ಎದ್ದು, ಬಾಡಿಗೆ ಜೀಪಿನಲ್ಲಿ ಒಳಗಿನದೆಲ್ಲ ಕಲಸಿ ಹೋಗುವಷ್ಟು ಕುಲುಕಿಸಿಕೊಂಡು ಹೋಗಿ, ಬಿಳಿ ಮಂಜನ್ನು ನೋಡಿ ಬಂದರು. ಮಂಜಿನ ಹಿಂದೆ ಏನಿತ್ತು ಎಂದು ಕೇಳಿದೆ. ಕಾಣಲಿಲ್ಲ, ಆದರೆ ಸೂಪರ್ ಆಗಿತ್ತು ಎಂದರು.

ಭಾನುವಾರ ರಾತ್ರಿ ಕ್ಯಾಂಪ್‌ಫೈರ್. ಅಣ್ಣ ನನ್ನನ್ನು ತಂದು ಬೆಂಕಿಯ ಮುಂದೆ ಕೂರಿಸಿದ. "ನನ್ನ ತಮ್ಮ. ಸ್ಕಾಟ್‌ಲೆಂಡಿಂದಲೇ ಬಂದಿದ್ದಾನೆ," ಎಂದು ಕಂಪನಿ ಸೀಲು ತೋರಿಸುವವನ ಹಾಗೆ ಪರಿಚಯ ಮಾಡಿಸಿದ.

"ಹೌದಾ ಸಾರ್? ಹೇಳಿ, ಅದೂ ಇದೂ ಸೇಮ್ ಅಲ್ವಾ?" ಒಬ್ಬ ಯುವಕ ಕೇಳಿದ.

ಪರದೇಶದಲ್ಲಿದ್ದು ಬಂದವನಿಗೆ ಒಂದು ಚಾಳಿ, ಕೇಳಿದ್ದಕ್ಕೆ ನಿಜ ಹೇಳಿಬಿಡುತ್ತಾನೆ. ಅಲ್ಲಿನ ಎಲ್ಲಕ್ಕಿಂತ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್, ನಮ್ಮ ತಡಿಯಂಡಮೋಳ್ 1,748 ಎಂದೆ. ಎಡಿನ್‌ಬರೊದಲ್ಲಿ ವರ್ಷವಿಡೀ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ, ಮಡಿಕೇರಿ ಅಷ್ಟನ್ನು ಜುಲೈ ಒಂದೇ ತಿಂಗಳಲ್ಲಿ ದಾಟುತ್ತದೆ ಎಂದೆ. ಅಲ್ಲಿ ಈಗ ಮಧ್ಯಾಹ್ನ ಮೂರೂಮುಕ್ಕಾಲಿಗೆ ಕತ್ತಲು, ಕಾಫಿ ಬೆಳೆಯುವುದಿಲ್ಲ, ಕಾಳುಮೆಣಸು ಬೆಳೆಯುವುದಿಲ್ಲ, ಪಂದಿ ಕರಿಗೆ ಹಾಕಲು ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿಯನ್ನು ನಾನು ಇಲ್ಲಿಂದಲೇ ಬಾಟಲಿಯಲ್ಲಿ ಒಯ್ಯುತ್ತೇನೆ ಎಂದೆ. ಯುವಕನ ಮುಖ ಸಪ್ಪಗಾಯಿತು. ಅಣ್ಣ ಕತ್ತಲಲ್ಲಿ ನನ್ನ ಕಾಲು ತುಳಿದ.

"ಮಂಜು ಮಾತ್ರ ಸೇಮ್," ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು.

ಸೋಮವಾರ ಹತ್ತು ಗಂಟೆಗೆ ರೂಮು ಖಾಲಿಯಾಯಿತು. ಅಮ್ಮ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ಕಣದಿಂದ ಕಾರುಗಳು ಹೋದ ಜಾಗಕ್ಕೆ ನಾನೂ ಅಣ್ಣನೂ ಟಾರ್ಪಾಲು ಎಳೆದು ತಂದು ಕಾಫಿ ಹರವುತ್ತಿದ್ದೆವು. ಅಣ್ಣನ ಮೊಬೈಲು ಟಿಂಗ್ ಅಂದಿತು. ಕೈ ಒರೆಸಿಕೊಂಡು ಓದಿದ:

"ರೂಮು ಚೆನ್ನಾಗಿತ್ತು. ಊಟ ಸೂಪರ್. ರಾತ್ರಿಯೆಲ್ಲ ಪಕ್ಕದ ಗೋಡೌನಿನ ಕಡೆಯಿಂದ ಯಾವುದೋ ದೊಡ್ಡ ಕಾಡುಪ್ರಾಣಿ ಉಸಿರಾಡುವ ಸದ್ದು ಬರುತ್ತಿತ್ತು. ಮಕ್ಕಳು ಹೆದರಿದರು, ಆದರೆ ನಿಜವಾದ ಕಾಡಿನ ಅನುಭವ. ಐದು ಸ್ಟಾರ್."

ಅಣ್ಣ ಮೊಬೈಲಿನಿಂದ ತಲೆ ಎತ್ತಿ ನನ್ನನ್ನೇ ನೋಡಿದ.

"ನಿನ್ನ ರಜೆ ಜನವರಿವರೆಗೆ ಉಂಟಲ್ವಾ?"