ಆಲ್ಬರ್ಟ್ ಹಾಲ್‌ನಲ್ಲಿ ಡಾಕ್ಟರ್ ಹೂ: ಟಿ.ವಿ. ಧಾರಾವಾಹಿಯ ಸಂಗೀತಕ್ಕೆ ಪ್ರಾಮ್ಸ್ ವೇದಿಕೆ ಸಲ್ಲಬೇಕೇ?

ಪರ

2008ರ ಜುಲೈ 27ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಫಿಲ್‌ಹಾರ್ಮಾನಿಕ್ ವಾದ್ಯವೃಂದವು ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥೆಯ ಟಿ.ವಿ. ಧಾರಾವಾಹಿಗೆ ಮರ್ರೆ ಗೋಲ್ಡ್ ರಚಿಸಿದ ಸಂಗೀತವನ್ನು ನುಡಿಸಿತು. ಇದರಿಂದ, ಅಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ರಾಮ್ಸ್ ಉತ್ಸವದ ಘನತೆ ಕುಗ್ಗಿತೆನ್ನುವವರು ಆ ಉತ್ಸವ ಹುಟ್ಟಿದ ಉದ್ದೇಶವನ್ನೇ ಮರೆತಿದ್ದಾರೆ. 1895ರಲ್ಲಿ ರಾಬರ್ಟ್ ನ್ಯೂಮನ್ ಮತ್ತು ಹೆನ್ರಿ ವುಡ್ ಇದನ್ನು ಆರಂಭಿಸಿದ್ದು, ಸಂಗೀತ ಸಭಾಂಗಣದ ಮೆಟ್ಟಿಲನ್ನೇ ಹತ್ತದವರನ್ನು ಅಗ್ಗದ ಟಿಕೆಟ್ಟಿನಲ್ಲಿ ಕರೆತಂದು, ಅವರಿಗೆ ಹಿಡಿಸುವ ರಚನೆಗಳಿಂದ ಮೊದಲುಮಾಡಿ, ಕ್ರಮೇಣ ಗಂಭೀರ ಕೃತಿಗಳತ್ತ ಒಯ್ಯುವುದಕ್ಕಾಗಿ. 2008ರ ಕಾರ್ಯಕ್ರಮವೂ ಇದೇ ಹಾದಿಯಲ್ಲಿ ನಡೆಯಿತು. ಗೋಲ್ಡ್ ಅವರ ರಚನೆಗಳ ನಡುವೆ ಹಿಂದಿನ ಕಾಲದ ಸಂಗೀತಕಾರರಾದ ವಾಗ್ನರ್, ಹೋಲ್ಸ್ಟ್, ಪ್ರೊಕೊಫೀವ್ ಅವರ ಕೃತಿಗಳಿದ್ದವು. ನಮ್ಮ ಕಾಲದ ಮಾರ್ಕ್-ಆಂಟನಿ ಟರ್ನೇಜ್ ಅವರ ಕೃತಿಯೂ ಇತ್ತು. ಧಾರಾವಾಹಿಯ ಖಳರಾದ ಡಾಲೆಕ್‌ಗಳನ್ನು ನೋಡಬೇಕೆಂದು ಬಂದ ಮಕ್ಕಳು ಟರ್ನೇಜ್ ಅವರನ್ನೂ ಕೇಳಿದರು. ಬೇರೆ ಯಾವ ಕಚೇರಿಗೂ ಅವರನ್ನು ಹಾಗೆ ಕರೆತರುವುದು ಸುಲಭವಲ್ಲ.

ಆದರೆ ಮಕ್ಕಳ ಮಾತು ಎರಡನೆಯದು. ಮೊದಲನೆಯದಾಗಿ, ಈ ಸಂಗೀತಕ್ಕೆ ಕೇಳಲ್ಪಡುವ ಹಕ್ಕಿದೆ. 2005ರ ಕ್ರಿಸ್‌ಮಸ್ ಸಂಚಿಕೆಯಿಂದ ಗೋಲ್ಡ್ ವೇಲ್ಸ್‌ನ ಬಿಬಿಸಿ ರಾಷ್ಟ್ರೀಯ ವಾದ್ಯವೃಂದಕ್ಕಾಗಿ ಬರೆಯತೊಡಗಿದರು, ಟಿ.ವಿ.ಯಲ್ಲಾದರೋ ಅದು ಸಂಭಾಷಣೆ, ಸ್ಫೋಟಗಳ ಸದ್ದಿನಡಿ ಹೂತುಹೋಗುತ್ತದೆ. ಹನ್ನೊಂದನೆಯ ಡಾಕ್ಟರನ (ನಟ ಬದಲಾದಂತೆ ಹೊಸ ರೂಪ ತಾಳುವ ಕಥಾನಾಯಕನ ಹನ್ನೊಂದನೆಯ ರೂಪ) ಮುಖ್ಯ ರಾಗವನ್ನೇ ತೆಗೆದುಕೊಳ್ಳಿ: ಅದು ಏಳು ಎಣಿಕೆಯ ಆವರ್ತದಲ್ಲಿ ಓಡುತ್ತದೆ. ಮಿಶ್ರಛಾಪು ಬಲ್ಲ ಕಿವಿಗೆ ಆ ಓಟದಲ್ಲಿರುವ ಎಡವಿದಂತೆ ತೋರಿ ಎಡವದ ಚುರುಕು ಥಟ್ಟನೆ ತಿಳಿಯುತ್ತದೆ. ತಂತಿವಾದ್ಯಗಳು ಆ ಲಯವನ್ನು ಬಿಡದೆ ಕಾಯ್ದುಕೊಳ್ಳುವ ಶ್ರಮ ಕಣ್ಣಿಗೂ ಕಾಣುವುದು ಸಭಾಂಗಣದಲ್ಲಿ ಮಾತ್ರ. ಸಂಗೀತಕಾರರಾದ ಗ್ರೀಗ್, ಬಿಜೆ ನಾಟಕಗಳಿಗಾಗಿ ಬರೆದದ್ದನ್ನು ನಾವು ಇಂದು ನಾಟಕವಿಲ್ಲದೆಯೇ ಕೇಳುತ್ತೇವೆ, ಟಿ.ವಿ. ನಾಟಕಕ್ಕೆ ಬೇರೆ ನ್ಯಾಯವೇಕೆ?

ವಿರೋಧ

ಗ್ರೀಗ್ ಅವರ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಆ ಕೃತಿಗಳನ್ನು ನಾಟಕವಿಲ್ಲದೆ ನುಡಿಸುತ್ತಾರೆ. ‘ಡಾಕ್ಟರ್ ಹೂ’ ಕಚೇರಿಯಲ್ಲಿ ನಾಟಕವೂ ಜೊತೆಗೇ ಬರುತ್ತದೆ. ವಾದ್ಯವೃಂದದ ಮೇಲ್ಗಡೆ ದೊಡ್ಡ ಪರದೆ, ಅದರ ಮೇಲೆ ಧಾರಾವಾಹಿಯ ದೃಶ್ಯಗಳು, ಪ್ರೇಕ್ಷಕರ ನಡುವೆ ಸುಳಿದಾಡುವ ಸೈಬರ್‌ಮನ್ ಎಂಬ ಯಂತ್ರಮಾನವ ಖಳರು, ನಿರೂಪಣೆಗೆ ಧಾರಾವಾಹಿಯ ನಟನಟಿಯರು. ಚಿತ್ರಕ್ಕೆ ಕೂಡಿಸಿ ನುಡಿಸಬೇಕಾದಾಗ ವಾದ್ಯವೃಂದದ ಸಂಚಾಲಕರು ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕಾಲಸೂಚಿಗೆ ಕಟ್ಟುಬೀಳುತ್ತಾರೆ. ಒಂದು ಸ್ವರವನ್ನು ಆ ಸಂಜೆಯ ಮನೋಧರ್ಮಕ್ಕೆ ತಕ್ಕಂತೆ ಇನ್ನೊಂದು ಕ್ಷಣ ನಿಲ್ಲಿಸುವ ಸ್ವಾತಂತ್ರ್ಯವೇ ಅವರಿಗಿರುವುದಿಲ್ಲ. ಎದುರಿಗೆ ಜೀವಂತ ಕಲಾವಿದರಿದ್ದೂ ಧ್ವನಿಮುದ್ರಿಕೆಯ ಶಿಸ್ತಿಗೆ ಒಳಗಾಗುವುದಾದರೆ, ಕಚೇರಿಯ ವಿಶೇಷವೇನು ಉಳಿಯಿತು?

ಇದಕ್ಕಿಂತ ಗಾಢವಾದ ಆಕ್ಷೇಪವೊಂದಿದೆ. ಈ ಧಾರಾವಾಹಿಯ ಅತ್ಯಂತ ದೊಡ್ಡ ಸಂಗೀತ ಸಾಧನೆ ವಾದ್ಯವೃಂದದ್ದಲ್ಲವೇ ಅಲ್ಲ. 1963ರಲ್ಲಿ ರಾನ್ ಗ್ರೇನರ್ ಬರೆದುಕೊಟ್ಟ ಶೀರ್ಷಿಕೆ ರಾಗವನ್ನು ವಿದ್ಯುನ್ಮಾನ ಧ್ವನಿಗಳ ಪ್ರಯೋಗಾಲಯವಾದ ಬಿಬಿಸಿ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ ಡೀಲಿಯಾ ಡರ್ಬಿಶೈರ್ ಟೇಪಿನ ಮೇಲೆ ಕಟ್ಟಿದರು. ಮೀಟಿದ ಒಂದು ತಂತಿಯ ನಾದವನ್ನು, ಆಸಿಲೇಟರ್‌ಗಳೆಂಬ ವಿದ್ಯುತ್ ಉಪಕರಣಗಳ ಸ್ವರವನ್ನು ಮುದ್ರಿಸಿ, ವೇಗ ಬದಲಿಸಿ ಸ್ಥಾಯಿ ಬದಲಿಸಿ, ಪ್ರತಿ ಸ್ವರದ ಟೇಪನ್ನೂ ಅಳೆದು ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿದರು. ನುಡಿಯುತ್ತಿರುವ ವಾದ್ಯ ಯಾವುದೆಂದು ಕೇಳುಗರಿಗೆ ಗೊತ್ತಾಗದಿರುವುದರಲ್ಲೇ ಅದರ ಬೆರಗು ಇತ್ತು. ಅದೇ ರಾಗವನ್ನು ಕಹಳೆಗಳಿಗೆ, ಪಿಟೀಲುಗಳಿಗೆ ಹಂಚಿದಾಗ ಅದು ಭವ್ಯವಾಗುತ್ತದೆ, ಆದರೆ ಅಪರಿಚಿತವಾಗಿ ಉಳಿಯುವುದಿಲ್ಲ. ಡರ್ಬಿಶೈರ್ ಅವರ ಹೆಸರು ಧಾರಾವಾಹಿಯ ಪರದೆಯ ಮೇಲೆ ಮೂಡಿದ್ದು 2013ರಲ್ಲಿ, ಅವರು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ. ಆ ಅನ್ಯಾಯವನ್ನು ಬಲ್ಲವರಿಗೆ, ವಾದ್ಯವೃಂದವೇ ಸಂಗೀತದ ಉನ್ನತ ರೂಪವೆಂಬ ಭಾವನೆಯನ್ನು ಗಟ್ಟಿಮಾಡುವ ಈ ಕಚೇರಿಗಳು ನೋವು ತರುತ್ತವೆ.

ವೇದಿಕೆಯ ಪ್ರಶ್ನೆಗೂ ಬರೋಣ. ಧಾರಾವಾಹಿಯೂ ಬಿಬಿಸಿಯದು, ಆ ವಾದ್ಯವೃಂದಗಳೂ ಅದರವೇ, 1927ರಿಂದ ಪ್ರಾಮ್ಸ್ ನಡೆಸುತ್ತಿರುವುದೂ ಅದೇ. 2008, 2010, 2013, 2024ರಲ್ಲಿ ಈ ಕಾರ್ಯಕ್ರಮ ಮರಳಿ ಬಂದದ್ದರಲ್ಲಿ ಸಂಗೀತದ ಆಯ್ಕೆ ಎಷ್ಟು, ಸಂಸ್ಥೆಯ ಪ್ರಚಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕಚೇರಿಯೇ ಬೇಡವೆಂದು ಯಾರೂ ಹೇಳುತ್ತಿಲ್ಲ. 2006ರಲ್ಲಿ ಕಾರ್ಡಿಫ್‌ನಲ್ಲಿ, 2012ರಲ್ಲಿ ಮೆಲ್ಬರ್ನ್ ಮತ್ತು ಸಿಡ್ನಿಯಲ್ಲಿ, 2015ರಲ್ಲಿ ಬ್ರಿಟನ್ನಿನ ದೊಡ್ಡ ಕ್ರೀಡಾಂಗಣಗಳಲ್ಲಿ ಇದು ತನ್ನದೇ ಹೆಸರಿನಲ್ಲಿ ನಡೆದಿದೆ. ಹೀಗೆ ಸ್ವಂತ ಬಲದಿಂದ ಸಭಾಂಗಣ ತುಂಬಿಸಬಲ್ಲ ಸಂಗೀತಕ್ಕೆ ಪ್ರಾಮ್ಸ್‌ನ ಆಸರೆ ಬೇಕಿಲ್ಲ. ಟರ್ನೇಜ್ ಅವರಂಥವರ ಹೊಸ ಕೃತಿಗಳಿಗೆ ಬೇಕು, ಅದೂ ಡಾಲೆಕ್‌ಗಳ ನಡುವಿನ ಕೆಲವೇ ನಿಮಿಷಗಳಿಗಲ್ಲ, ಇಡೀ ಸಂಜೆಗೆ.