ತಪ್ಪು ಹುಟ್ಟುವುದು ಒಂದನೇ ತರಗತಿಯಲ್ಲಿ, ಸಿಕ್ಕಿಬೀಳುವುದು ಹತ್ತರಲ್ಲಿ

ದಾಖಲಾತಿ ವಹಿಯಲ್ಲಿ 'ಮಂಜುನಾಥ'. ಆಧಾರ್‌ನಲ್ಲಿ 'ಮಂಜುನಾಥ್ ಬಿ'. ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನ ಇಂಗ್ಲಿಷ್ ಕಾಲಮ್ಮಿನಲ್ಲಿ ಒಂದು 'ಎಚ್' ಬಿಟ್ಟುಹೋದ ಇನ್ನೊಬ್ಬ ಮಂಜುನಾಥ. ಈ ಮೂವರೂ ಒಂಬತ್ತು ವರ್ಷ ಜಗಳವಿಲ್ಲದೆ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಎಸ್ಸೆಸ್ಸೆಲ್ಸಿ ನೋಂದಣಿ ಶುರುವಾಗುವ ಹೊತ್ತಿಗೆ ಯಾರು ಅಸಲಿ ಎಂಬ ಪ್ರಶ್ನೆ ಏಳುತ್ತದೆ. ಅಪ್ಪ ಕೂಲಿ ಬಿಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆಯುತ್ತಾನೆ, ಮುಖ್ಯ ಶಿಕ್ಷಕರು ತಿದ್ದುಪಡಿ ಪತ್ರ ಹಿಡಿದು ಅವನ ಹಿಂದೆ ಹೋಗುತ್ತಾರೆ.

ಆನ್‌ಲೈನ್ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯ ಮಾತು ಬಂದಾಗೆಲ್ಲ ನಾವು ಸರ್ವರ್ ಅನ್ನು ಬೈಯುತ್ತೇವೆ. ಬೈಯುವುದರಲ್ಲಿ ತಪ್ಪೇನಿಲ್ಲ, ಕೊನೇ ದಿನಾಂಕದ ಹಿಂದಿನ ದಿನ ಅದು ತೆರೆಯುವುದಿಲ್ಲ. ಆದರೆ ಸರ್ವರ್ ನಾಳೆ ತೆರೆದೀತು. ತಪ್ಪಾಗಿ ಸೇರಿದ ಹುಟ್ಟಿದ ದಿನಾಂಕ ತಾನಾಗಿ ಸರಿಹೋಗದು. ಶಾಲೆಗೆ ಕಂಪ್ಯೂಟರ್ ಮತ್ತು ಲಾಗಿನ್ ಕೊಟ್ಟ ಮಾತ್ರಕ್ಕೆ ವ್ಯವಸ್ಥೆ ಬಂದಂತಲ್ಲ. ಮಗು ಸೇರುವ ದಿನ ಕಾಗದದ ಮೇಲೆ ಏನು ಬರೆಯುತ್ತೇವೆ, ಅದನ್ನು ಯಾರು ತಾಳೆ ನೋಡುತ್ತಾರೆ ಎಂಬುದರಲ್ಲೇ ಮುಕ್ಕಾಲು ಪಾಲು ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ.

ಈಗ ಒಂದು ಮಗುವಿಗೆ ಎಷ್ಟು ನಂಬರ್ ನೋಡಿ. ರಾಜ್ಯದ ಸ್ಯಾಟ್ಸ್ ಸಂಖ್ಯೆ 9 ಅಂಕಿ. ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆ ಯುಡೈಸ್ ಪ್ಲಸ್ ಕೊಡುವ ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) 11 ಅಂಕಿ. ಮಗುವಿನ ಶೈಕ್ಷಣಿಕ ದಾಖಲೆಗಳನ್ನು ಒಂದೆಡೆ ಕೂಡಿಸುವ ಗುರುತಿನ ಸಂಖ್ಯೆ ಅಪಾರ್ 12, ಆಧಾರ್ ಕೂಡ 12. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇರೆ. ಶಾಲೆಯ ಯುಡೈಸ್ ಕೋಡ್ ಸಹ 11 ಅಂಕಿಯದು: ಮೊದಲೆರಡು ರಾಜ್ಯ (ನಮ್ಮದು 29), ಮುಂದಿನೆರಡು ಜಿಲ್ಲೆ, ಆಮೇಲೆ ಬ್ಲಾಕ್, ಊರು, ಕೊನೆಗೆ ಶಾಲೆ. 29ರಿಂದ ಶುರುವಾಗಿ 11 ಅಂಕಿ ಇದ್ದರೆ ಅದನ್ನು ಪೆನ್ ಎಂದುಕೊಂಡು ತುಂಬುವ ಮುನ್ನ ಒಮ್ಮೆ ಶಾಲೆಯ ಕೋಡ್ ಜೊತೆ ಹೋಲಿಸಿ. ಈ ನಂಬರುಗಳಿಗೆಲ್ಲ ದಾಖಲಾತಿ ವಹಿಯ ಕೊನೆಯಲ್ಲೇ ಕಾಲಂ ಎಳೆದುಕೊಳ್ಳಿ. ಬೇರೆ ನೋಟ್‌ಬುಕ್ ಮಾಡಿದರೆ ಅದು ಮಾಡಿದವರ ವರ್ಗಾವಣೆಯ ಜೊತೆ ಹೊರಟುಹೋಗುತ್ತದೆ.

ದಾಖಲಾತಿಯ ದಿನ ಮೊದಲು ಜನನ ಪ್ರಮಾಣಪತ್ರ ನೋಡಬೇಕು, ಆಧಾರ್ ಆಮೇಲೆ. ಎರಡೂ ಹೊಂದದಿದ್ದರೆ ಅಲ್ಲೇ ಪೋಷಕರಿಗೆ ತೋರಿಸಿ, ಯಾವುದನ್ನು ತಿದ್ದಿಸಬೇಕೆಂದು ಹೇಳಿ, ವಹಿಯಲ್ಲಿ ಪೆನ್ಸಿಲ್ ಗುರುತು ಹಾಕಿ. ಹೇಗಿದ್ದರೂ 5 ವರ್ಷ ದಾಟಿದ ಮಗುವಿಗೆ ಆಧಾರ್ ಬಯೋಮೆಟ್ರಿಕ್ ಮಾಡಿಸಲೇಬೇಕು, 7ರೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಹೆಸರು, ಜನ್ಮ ದಿನಾಂಕದ ತಿದ್ದುಪಡಿಗೂ ಅದೇ ಓಡಾಟದಲ್ಲಿ ಅರ್ಜಿ ಹಾಕಬಹುದು. ಜನವರಿ 1 ಎಂಬ ಜನ್ಮ ದಿನಾಂಕ ಕಂಡರೆ ಎರಡನೇ ಸಲ ಕೇಳಿ. ದಿನಾಂಕ ಗೊತ್ತಿಲ್ಲದವರಿಗೆಲ್ಲ ಹಾಕಿದ ದಿನ ಅದು.

ಹೆಸರಿನ ಗೋಳು ಇದಕ್ಕಿಂತ ದೊಡ್ಡದು. ನಮ್ಮ ಕಡೆ ಇನಿಷಿಯಲ್ ಮುಂದೆಯೂ ಬರುತ್ತದೆ, ಹಿಂದೆಯೂ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎರಡೂ ಸೇರುತ್ತವೆ. ಕಂಪ್ಯೂಟರ್‌ಗೆ ಚುಕ್ಕಿಯೂ ಒಂದು ಅಕ್ಷರ, ಖಾಲಿ ಜಾಗವೂ ಒಂದು ಅಕ್ಷರ. ಆದ್ದರಿಂದ ಇಂಗ್ಲಿಷ್ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆಯೇ, ಅಂತರ ಸಮೇತ, ನಕಲು ಮಾಡಬೇಕು. 'ಹೀಗೆ ಬರೆದರೆ ಸರಿ ಕಾಣುತ್ತದೆ' ಎಂಬ ಮೇಷ್ಟರ ವ್ಯಾಕರಣಬುದ್ಧಿ ಇಲ್ಲಿ ಬೇಡ. ಅಪಾರ್ ಸಿದ್ಧವಾಗದೆ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇದೇ ಹೆಸರು, ಜನ್ಮ ದಿನಾಂಕ, ಲಿಂಗ ಆಧಾರ್ ಜೊತೆ ಹೊಂದದಿದ್ದಾಗ. ಕನ್ನಡ ಕಾಲಂಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟಿನ ಕಡತದಿಂದ ತಂದು ಅಂಟಿಸಿದರೆ ನಿಮ್ಮ ಪರದೆಯಲ್ಲಿ ಕನ್ನಡವಾಗಿದ್ದದ್ದು ಜಾಲತಾಣದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ.

ಎಕ್ಸೆಲ್ ಬಳಸುವವರಿಗೆ ಇನ್ನೆರಡು ಮಾತು. 12 ಅಂಕಿಯ ಆಧಾರ್ ಸಂಖ್ಯೆ ಹಾಕಿದೊಡನೆ ಅದು 1.23 ಇ ಪ್ಲಸ್ 11 ಎಂಬಂತೆ ಕುಗ್ಗಿ ಕಾಣುತ್ತದೆ, ಹಾಗಾಗಿ ಸಂಖ್ಯೆ ತುಂಬುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಿ. ದಿನಾಂಕದ್ದು ಇದಕ್ಕಿಂತ ಮೋಸದ ಕೆಲಸ. ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/08 ಎಂಬುದನ್ನು ಮೇ 8 ಎಂದು ಓದಿ ತೆಪ್ಪಗಿರುತ್ತದೆ, 25/08 ಎಂದಾಗ ಮಾತ್ರ ತಬ್ಬಿಬ್ಬಾಗುತ್ತದೆ. ತಿಂಗಳ 12ನೇ ತಾರೀಖಿನೊಳಗೆ ಹುಟ್ಟಿದ ಮಕ್ಕಳ ದಿನಾಂಕಗಳು ಹೀಗೆ ಸದ್ದಿಲ್ಲದೆ ತಿರುಗುಮುರುಗಾಗುತ್ತವೆ. ಆಧಾರ್‌ನ ಕೊನೇ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದದ್ದು, ಒಂದು ಅಂಕಿ ತಪ್ಪಿದರೂ ಪತ್ತೆಯಾಗುತ್ತದೆ. ಜನ್ಮ ದಿನಾಂಕಕ್ಕೆ ಅಂಥ ಕಾವಲು ಇಲ್ಲ, ಕಣ್ಣೇ ಕಾವಲು.

ಆದ್ದರಿಂದ ಎಂಟ್ರಿ ಮಾಡಿದವರೇ ತಾಳೆ ನೋಡಬಾರದು. ಒಬ್ಬರು ವಹಿ ಓದಬೇಕು, ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ನೋಡಬೇಕು. ದಿನಾಂಕದಲ್ಲಿ ತಿಂಗಳನ್ನು ಅಂಕಿಯಲ್ಲಿ ಓದದೆ 'ಆಗಸ್ಟ್' ಎಂದೇ ಓದಬೇಕು. ಆಮೇಲೆ ಮಗುವಿನ ವಿವರದ ಒಂದು ಪುಟ ಮುದ್ರಿಸಿ ಪೋಷಕರ ಸಹಿ ಪಡೆಯಿರಿ. ಓದಲು ಬಾರದವರಿಗೆ ಓದಿ ಹೇಳಿ, ಹೆಬ್ಬೆಟ್ಟಿನ ಮುಂಚೆ. ತಂಗಿಯ ದಿನಾಂಕ ಅಣ್ಣನಿಗೆ ಬಿದ್ದಿರುವುದನ್ನು ತಾಯಿ ಒಂದೇ ಉಸಿರಿಗೆ ಹಿಡಿಯುತ್ತಾಳೆ, ಯಾವ ಸಾಫ್ಟ್‌ವೇರೂ ಹಿಡಿಯದು.

ವರ್ಗಾವಣೆಯಲ್ಲಿ ಆಗುವ ಅನಾಹುತ ಬೇರೆ ಬಗೆಯದು. ಹಳೇ ಶಾಲೆ ಆನ್‌ಲೈನಿನಲ್ಲಿ ವರ್ಗಾವಣೆ ಪತ್ರ (ಟಿಸಿ) ಕೊಡದಿದ್ದರೆ ಮಗು ಅಲ್ಲಿಯ ಪಟ್ಟಿಯಲ್ಲೇ ನಿಂತಿರುತ್ತದೆ. ಹೊಸ ಶಾಲೆ ಕಾದು ಬೇಸತ್ತು ಹೊಸದಾಗಿ ನೋಂದಾಯಿಸಿಬಿಟ್ಟರೆ ಒಂದೇ ಮಗುವಿಗೆ ಎರಡು ನಂಬರ್. ಮುಂದೆ ವಿದ್ಯಾರ್ಥಿವೇತನ ಒಂದರ ಮೇಲೆ, ಅಂಕ ಇನ್ನೊಂದರ ಮೇಲೆ. ಕಲ್ಯಾಣ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬರುವವರ ಮಕ್ಕಳು ಇದಕ್ಕೆ ಹೆಚ್ಚು ಸಿಗುತ್ತಾರೆ. ಶಾಲೆ ಎಷ್ಟೇ ದೂರವಿದ್ದರೂ ಹಳೇ ನಂಬರ್ ಹುಡುಕಿಯೇ ಸೇರಿಸಿಕೊಳ್ಳಬೇಕು. ಹಳೇ ಶಾಲೆಯವರು ಫೋನ್ ಎತ್ತದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಕೇಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕೆನ್ನುತ್ತದೆ, ಟಿಸಿ ತಡವಾಯಿತೆಂದು ದಾಖಲಾತಿ ನಿರಾಕರಿಸುವ ಹಾಗೂ ಇಲ್ಲ. ಪೋರ್ಟಲ್ ಒಪ್ಪುತ್ತಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವುದು ಕಾನೂನು ಓದದವರ ಕೆಲಸ. ಮೊದಲು ತರಗತಿಯಲ್ಲಿ ಕೂರಿಸಿ, ಕಂಪ್ಯೂಟರ್ ಆಮೇಲೆ ಒಪ್ಪಲಿ.

ಆಧಾರ್ ಇಲ್ಲದ ಮಗುವಿನದೂ ಇದೇ ಕತೆ. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲೇ ಹೇಳಿದೆ. ಅಪಾರ್‌ಗೂ ಪೋಷಕರ ಒಪ್ಪಿಗೆ ಪತ್ರ ಬೇಕು. ಒಪ್ಪಿಗೆ ಎಂದರೆ ಬೇಡ ಎನ್ನುವ ಅವಕಾಶವೂ ಇರಬೇಕು, 'ನೂರಕ್ಕೆ ನೂರು ಆಗಲೇಬೇಕು' ಎಂಬ ಗುರಿ ಕೊಟ್ಟ ಮೇಲೆ ಅದಕ್ಕೇನು ಅರ್ಥ? ಇನ್ನೊಂದು ಕೆಟ್ಟ ಚಾಳಿ, ಮಕ್ಕಳ ಆಧಾರ್ ಸಂಖ್ಯೆ, ಜಾತಿ, ಫೋನ್ ನಂಬರ್ ಇರುವ ಇಡೀ ಎಕ್ಸೆಲ್ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಬಿಡುವುದು. ಪೋರ್ಟಲ್‌ನಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಗುಂಪಿನಲ್ಲಿ ಮತ್ತೆ ಕೇಳುವವರೇ ಅದಕ್ಕೆ ಕಾರಣ. ಪಾಸ್‌ವರ್ಡನ್ನು ಗೋಡೆಯ ವೇಳಾಪಟ್ಟಿಯ ಪಕ್ಕ ಬರೆದಿಡುವುದನ್ನು ಹೇಳುವುದೇ ಬೇಡ.

ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನದ (ಎಫ್‌ಎ, ಎಸ್‌ಎ) ಅಂಕಗಳ ಎಂಟ್ರಿ ಬಗ್ಗೆ ಹೆಚ್ಚು ಹೇಳಲಾರೆ. ತುಂಬುವ ಶ್ರಮಕ್ಕೆ ತಕ್ಕಂತೆ ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಇಲಾಖೆ ಮಾಡಬೇಕಾದದ್ದೂ ಇದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರಿಲ್ಲ; ಇಬ್ಬರೇ ಶಿಕ್ಷಕರಿರುವ ಕಡೆ ಒಬ್ಬರು ಎಂಟ್ರಿಗೆ ಕೂತರೆ ಪುಟ್ಟ ಮಕ್ಕಳ ನಲಿಕಲಿ ತರಗತಿ ಅನಾಥ. ಸ್ಯಾಟ್ಸ್‌ಗೆ ತುಂಬಿದ್ದನ್ನೇ ಯುಡೈಸ್‌ಗೆ ಮತ್ತೆ ಬೆರಳಲ್ಲಿ ಕುಟ್ಟಿಸುವುದು ನಿಲ್ಲಬೇಕು, ಎರಡು ಸಲ ಕುಟ್ಟಿದಲ್ಲಿ ಎರಡು ಸತ್ಯ ಹುಟ್ಟುತ್ತವೆ. ಯುಡೈಸ್‌ನ ಲೆಕ್ಕದ ದಿನ ಸೆಪ್ಟೆಂಬರ್ 30 ಎಂಬುದು ಎಲ್ಲರಿಗೂ ಗೊತ್ತಿರುವಾಗ 'ಇಂದು ಸಂಜೆಯೊಳಗೆ' ಎಂಬ ಸಂದೇಶ ಏಕೆ ಬೇಕು? ತಿದ್ದುಪಡಿಗೆ ಪ್ರತಿ ವರ್ಷ ಜುಲೈನಲ್ಲಿ ಒಂದು ತಿಂಗಳು ಕ್ಲಸ್ಟರ್ ಮಟ್ಟದಲ್ಲೇ ಅವಕಾಶವಿದ್ದರೆ ಬಿಇಒ ಕಚೇರಿಯ ಸಾಲು ಅರ್ಧ ಕರಗೀತು.

ಅಷ್ಟರವರೆಗೆ ಶಾಲೆಗಳೇ ಒಂದು ಕೆಲಸ ಮಾಡಿಕೊಳ್ಳಬಹುದು: ಎಂಟನೇ ತರಗತಿ ಶುರುವಾದ ತಿಂಗಳಲ್ಲೇ ಪ್ರತಿ ಮಗುವಿನ ವಹಿ, ಸ್ಯಾಟ್ಸ್, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹೊಂದದವರ ಪಟ್ಟಿ ಮಾಡಿ ಪೋಷಕರಿಗೆ ಆಗಲೇ ಹೇಳಿದರೆ ಎಸ್ಸೆಸ್ಸೆಲ್ಸಿ ನೋಂದಣಿಗೆ ಎರಡು ವರ್ಷಕ್ಕಿಂತ ಹೆಚ್ಚು ಸಮಯ ಕೈಯಲ್ಲಿರುತ್ತದೆ.