ಪರ–ವಿರೋಧ: ಫಿಲಿಪ್ ಸ್ಟಬ್ಸ್‌ನನ್ನು ಇಂದೂ ಮೆಚ್ಚಬೇಕೆ?

ಪರ

ಪರವಾಗಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಸ್ಟಬ್ಸ್ ಹದಿನಾರನೇ ಶತಮಾನದ ಇಂಗ್ಲೆಂಡಿನ ಬರಹಗಾರ, ತನ್ನ ಕಾಲದ ಜನರ ನಡತೆಯನ್ನು ಧರ್ಮದ ಹೆಸರಿನಲ್ಲಿ ಬೈದವನು. ಅವನು ಹೇಳಿದ್ದೆಲ್ಲ ಸರಿ ಅನ್ನಲಾರೆ. ಆದರೆ ಅವನನ್ನು ಮೂಲೆಗೆ ತಳ್ಳುವುದೂ ತಪ್ಪು.

ಅವನ 'ದಿ ಅನಾಟಮಿ ಆಫ್ ಅಬ್ಯೂಸಸ್' 1583ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಬ್ಬರು ಮಾತಾಡಿಕೊಳ್ಳುವ ಹಾಗೆ ಬರೆದ ಪುಸ್ತಕ. ಅವರು ಮಾತಾಡುವುದು 'ಐಲ್ಗ್ನಾ' ದೇಶದ ಬಗ್ಗೆ. ಅದು ಬೇರೆ ಯಾವುದೂ ಅಲ್ಲ, ಇಂಗ್ಲೆಂಡಿನ ಲ್ಯಾಟಿನ್ ಹೆಸರಾದ 'ಆಂಗ್ಲಿಯಾ'ದ ಅಕ್ಷರಗಳನ್ನು ಹಿಂದುಮುಂದು ಮಾಡಿದ್ದು. ಎಲಿಜಬೆತ್ ರಾಣಿಯ ಕಾಲದ ಜನ ಏನು ತೊಡುತ್ತಿದ್ದರು, ಹೇಗೆ ಆಡುತ್ತಿದ್ದರು ಎಂದು ತಿಳಿಯಲು ಇಂದಿಗೂ ಈ ಪುಸ್ತಕ ಬೇಕು. ಕತ್ತಿನ ಸುತ್ತ ನಿಲ್ಲುವ ನೆರಿಗೆಯ 'ರಫ್', ಅದಕ್ಕೆ ಹಾಕುವ ಗಂಜಿ, ಸಿಂಗರಿಸಿದ ಕಂಬದ ಸುತ್ತ ಕುಣಿಯುವ ಮೇಪೋಲ್ ಕುಣಿತ, ಕೈಕಾಲು ಮುರಿಯುವ ಫುಟ್‌ಬಾಲ್, ಎಲ್ಲ ಅಲ್ಲಿದೆ.

ಇನ್ನೊಂದು ಮುಖ್ಯ ಮಾತು. ಅವನು ಬರೀ ಬಟ್ಟೆಬರೆ ಬೈದವನಲ್ಲ. ಊರ ಹುಲ್ಲುಗಾವಲಿಗೆ ಬೇಲಿ ಹಾಕಿಕೊಳ್ಳುವ ಸಿರಿವಂತರು, ದನ ಹುಲ್ಲು ಮೇಯುವ ಹಾಗೆ ಬಡವರನ್ನು ಮೇಯುತ್ತಾರೆ ಎಂದು ಬರೆದ. ಕಾಯಿಲೆ ಬಿದ್ದ ಬಡವರು ಬೀದಿಯಲ್ಲಿ ಹುಲ್ಲಿನ ಮೇಲೆ ಮಲಗಿ ಸಾಯುತ್ತಾರೆ ಎಂದು ಬರೆದ. ಬಡ್ಡಿಯವರ ಕಾಟವನ್ನೂ ಬಿಡಲಿಲ್ಲ. ಇದನ್ನು ಮೆಚ್ಚಲೇಬೇಕು.

ವಿರೋಧ

ಬಡವರಿಗಾಗಿ ಮರುಗಿದ ಅನ್ನುತ್ತಾರೆ. ಮರುಗುವವರು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಬಟ್ಟೆಯ ವಿವರ ಬೇಕಿದ್ದರೆ ಆ ಕಾಲದ ಚಿತ್ರಗಳನ್ನು ನೋಡಿದರೆ ಸಾಕು.

ನನ್ನ ಸಿಟ್ಟು ಬೇರೆಯದು. ಈ ಮನುಷ್ಯ ಹೆದರಿಸುತ್ತಾನೆ, ಅದರಲ್ಲೂ ಹೆಂಗಸರನ್ನು. ಆಂಟ್‌ವರ್ಪ್‌ನ ಸಾಹುಕಾರನ ಮಗಳೊಬ್ಬಳ ಕತೆ ಹೇಳುತ್ತಾನೆ. ಮದುವೆಗೆ ಹೊರಟವಳಿಗೆ ರಫ್ ಸರಿಯಾಗಿ ಕೂರಲಿಲ್ಲ, ರೇಗಿದಳು. ಸೈತಾನ ಚೆಲುವ ಹುಡುಗನ ವೇಷದಲ್ಲಿ ಬಂದು ಅದನ್ನು ಚೆನ್ನಾಗಿ ಕೂರಿಸಿದ, ಮುತ್ತಿಟ್ಟ, ಕತ್ತು ಮುರಿದು ಕೊಂದ. ಸ್ಟಬ್ಸ್ ಇದನ್ನು ನಡೆದ ಘಟನೆ ಎಂದು 1582ರ ಮೇ 27ರ ತಾರೀಕು ಹಾಕಿ ಬರೆದ! ಒಂದು ಕತ್ತುಪಟ್ಟಿಗೆ ಸಾವಿನ ಶಿಕ್ಷೆಯೇ?

1591ರ 'ಎ ಕ್ರಿಸ್ಟಲ್ ಗ್ಲಾಸ್ ಫಾರ್ ಕ್ರಿಶ್ಚಿಯನ್ ವಿಮೆನ್' ಓದಿದ ಮೇಲಂತೂ ನನಗೆ ಅವನನ್ನು ಕ್ಷಮಿಸಲು ಆಗಲಿಲ್ಲ. ಅದು ಅವನ ಹೆಂಡತಿ ಕ್ಯಾಥರೀನ್ ಬಗ್ಗೆ. 1586ರಲ್ಲಿ ಮದುವೆಯಾದಾಗ ಆಕೆಗೆ ಸುಮಾರು 15 ವರ್ಷ. 1590ರ ಡಿಸೆಂಬರ್‌ನಲ್ಲಿ, ಗಂಡುಮಗು ಹೆತ್ತ ಕೆಲವೇ ವಾರಕ್ಕೆ, ಜ್ವರದಿಂದ ತೀರಿಕೊಂಡಳು. ಅವನು ಹೊಗಳುವುದು ಯಾವುದಕ್ಕೆ? ಮನೆ ಬಿಟ್ಟು ಹೋಗುತ್ತಿರಲಿಲ್ಲ. ಗಂಡನಿಗೆ ಎದುರಾಡುತ್ತಿರಲಿಲ್ಲ. ಅನುಮಾನ ಬಂದರೆ ಗಂಡನನ್ನೇ ಕೇಳುತ್ತಿದ್ದಳು. ಸಾಯುವ ಮುಂಚೆ, ತಾನೇ ಮುದ್ದು ಮಾಡುತ್ತಿದ್ದ ಪುಟ್ಟ ನಾಯಿಯನ್ನು ಹಾಸಿಗೆಯಿಂದ ಹೊಡೆದು ಓಡಿಸಿದಳಂತೆ. ಇದನ್ನು ಹಾಸಿಗೆಗೆ ಸೇರಿಸಿಕೊಂಡು ನಾವಿಬ್ಬರೂ ದೇವರಿಗೆ ದೊಡ್ಡ ತಪ್ಪು ಮಾಡಿದೆವು ಅಂದಳಂತೆ. ಜ್ವರದಲ್ಲಿ ಬೇಯುವ ಹುಡುಗಿ, ನಾಯಿ ಮುದ್ದಿಸಿದ್ದಕ್ಕೂ ಹೆದರಬೇಕಾ? ಆ ಹೆದರಿಕೆಯನ್ನು ಅವನು ಭಕ್ತಿ ಎಂದು ಬರೆದ.

ನಮ್ಮ ಅಜ್ಜಿಯ ತಿಥಿಯ ದಿನ ಊಟಕ್ಕೆ ಕೂತ ನೆಂಟರದೆಲ್ಲ ಒಂದೇ ಮಾತು: "ಮಹಾತಾಯಿ, ಒಂದಿನ ಗಂಡನಿಗೆ ಎದುರು ಹೇಳಿದವಳಲ್ಲ." ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ತಾನೇ ಪದ ಕಟ್ಟಿ ಹಾಡುತ್ತಿದ್ದಳು. ಹೊಸಿಲಲ್ಲಿ ತಾತನ ಮೆಟ್ಟಿನ ಸದ್ದಾದರೆ ನಿಲ್ಲಿಸಿಬಿಡುತ್ತಿದ್ದಳು. ಅದನ್ನು ಯಾರೂ ನೆನೆಯಲಿಲ್ಲ. ಅಮ್ಮ ಬಡಿಸುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ಅತ್ತಳು. ಆ ಪದಗಳಲ್ಲಿ ಒಂದೂ ಈಗ ನಮ್ಮ ಬಳಿ ಇಲ್ಲ.

ಕ್ಯಾಥರೀನ್ ಏನು ಹಾಡುತ್ತಿದ್ದಳೋ! ಆಕೆಯ ಮಾತು ಅಂತ ನಮಗೆ ಸಿಕ್ಕಿರುವುದೆಲ್ಲ ಗಂಡ ಬರೆದದ್ದೇ. ಆ ಪುಟ್ಟ ಪುಸ್ತಕ 'ಅನಾಟಮಿ'ಗಿಂತ ಎಷ್ಟೋ ಜಾಸ್ತಿ ಸಲ ಅಚ್ಚಾಯಿತು. ಮುಂದಿನ ಶತಮಾನದ ಹೆಣ್ಣುಮಕ್ಕಳ ಕೈಗೂ ಅದನ್ನು ಕೊಟ್ಟರು.